ಈಸ್ ಹಾಕಬೇಕಾ, ಆರ್ ಹಾಕಬೇಕಾ? ಇಂಗ್ಲಿಷ್ ಬರವಣಿಗೆಯ ಏಕವಚನ–ಬಹುವಚನ: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಅರ್ಜಿ, ಆಫೀಸ್ ಇಮೇಲ್, ಪ್ರಾಜೆಕ್ಟ್ ರಿಪೋರ್ಟ್, ಪರೀಕ್ಷೆಯ ಉತ್ತರ. ಯಾವುದನ್ನೇ ಇಂಗ್ಲಿಷ್‌ನಲ್ಲಿ ಬರೆಯಲು ಕೂತರೂ ಒಂದು ಕಡೆ ಕೈ ನಿಲ್ಲುತ್ತದೆ. ಇಲ್ಲಿ ಈಸ್ ಸರಿಯಾ, ಆರ್ ಸರಿಯಾ? ವ್ಯಾಕರಣ ಪುಸ್ತಕಗಳಲ್ಲಿ ಇದಕ್ಕೆ ಪುಟಗಟ್ಟಲೆ ನಿಯಮಗಳಿವೆ. ಅಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಕನ್ನಡದವರು ಎಡವುವ ಜಾಗಗಳು ಕೆಲವೇ. ಅಲ್ಲೇ ಯಾಕೆ ಎಡವುತ್ತೇವೆ ಅಂತ ತಿಳಿದರೆ ಹೆಚ್ಚಿನ ಗೊಂದಲ ಹೋಗುತ್ತದೆ. ಇಂಗ್ಲಿಷ್ ಉದಾಹರಣೆಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಜೋರಾಗಿ ಓದಿಕೊಳ್ಳಿ, ಕಿವಿಗೂ ಅಭ್ಯಾಸವಾಗಲಿ.

ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆ ಅಂದರೆ ಏನು?

ಕರ್ತೃ ಬದಲಾದರೆ ಕ್ರಿಯಾಪದದ ರೂಪವೂ ಬದಲಾಗುವುದು. ಇದು ನಮಗೆ ಹೊಸದೇನಲ್ಲ. ಹುಡುಗ ಬಂದನು, ಹುಡುಗಿ ಬಂದಳು, ಹಸು ಬಂದಿತು, ಹುಡುಗರು ಬಂದರು, ಹಸುಗಳು ಬಂದವು. ನಾನು ಬಂದೆನು, ನಾವು ಬಂದೆವು. ಇಷ್ಟಕ್ಕೂ ಇಂಗ್ಲಿಷ್‌ನಲ್ಲಿ ಇರುವುದು 'ಕೇಮ್' ಒಂದೇ. ಕನ್ನಡದಲ್ಲಿ ಇಷ್ಟು ರೂಪಗಳನ್ನು ಯೋಚಿಸದೇ ಬಳಸುವವರಿಗೆ ಇಂಗ್ಲಿಷ್‌ನ ಹೊಂದಾಣಿಕೆ ನಿಜಕ್ಕೂ ಚಿಕ್ಕ ಕೆಲಸ.

ಎಷ್ಟು ಚಿಕ್ಕದು ನೋಡಿ. ಭೂತಕಾಲದಲ್ಲಿ ವಾಸ್ ಮತ್ತು ವರ್ ಬಿಟ್ಟರೆ ಬೇರೆ ಯಾವ ಪದವೂ ಬದಲಾಗುವುದಿಲ್ಲ. ಕ್ಯಾನ್, ವಿಲ್, ಮಸ್ಟ್, ಶುಡ್ ಯಾವ ಕರ್ತೃ ಬಂದರೂ ಹಾಗೇ ಇರುತ್ತವೆ. ಉಳಿಯುವುದು ವರ್ತಮಾನಕಾಲದ ಒಂದು ಎಸ್, ಜೊತೆಗೆ ಈಸ್–ಆರ್ (ಐ ಬಂದರೆ ಆಮ್), ಹ್ಯಾಸ್–ಹ್ಯಾವ್, ಡಸ್–ಡೂ ಜೋಡಿಗಳು.

ನಾಮಪದಕ್ಕೆ ಎಸ್ ಸೇರಿದರೆ ಬಹುವಚನ, ಕ್ರಿಯಾಪದಕ್ಕೆ ಸೇರಿದರೆ ಏಕವಚನ. ಯಾಕೆ ಹೀಗೆ ಉಲ್ಟಾ?

ಕಾಣಲು ಒಂದೇ ಥರ ಇದ್ದರೂ ಅವು ಎರಡು ಬೇರೆ ಬೇರೆ ಪ್ರತ್ಯಯಗಳು. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ ನಾನು, ನೀನು, ಅವನು, ನಾವು ಎಂಬುದನ್ನು ನೋಡಿಕೊಂಡು ಕ್ರಿಯಾಪದದ ಕೊನೆ ಬದಲಾಗುತ್ತಿತ್ತು, ಹೆಚ್ಚು ಕಡಿಮೆ ನಮ್ಮ ಕನ್ನಡದ ಹಾಗೆ. ಕಾಲ ಕಳೆದಂತೆ ಆ ಕೊನೆಗಳು ಒಂದೊಂದಾಗಿ ಸವೆದು ಹೋದವು. ಹೀ, ಶೀ, ಇಟ್‌ಗೆ ಬರುವ ಪ್ರತ್ಯಯ ಮಾತ್ರ ಉಳಿಯಿತು. ಇಂಗ್ಲೆಂಡಿನ ದಕ್ಷಿಣದಲ್ಲಿ ಅದು 'ಎತ್' ಆಗಿತ್ತು, 'ಗೋಎತ್' ಅನ್ನುವಂತೆ. ಉತ್ತರದ ಕಡೆ ಎಸ್ ಇತ್ತು. ಹದಿನೇಳನೇ ಶತಮಾನ ಮುಗಿಯುವ ಹೊತ್ತಿಗೆ ಉತ್ತರದ ಎಸ್ ಎಲ್ಲ ಕಡೆ ಗೆದ್ದಿತ್ತು. ನಾಮಪದದ ಬಹುವಚನದ ಎಸ್ ಬಂದದ್ದು ಬೇರೆಯೇ ದಾರಿಯಿಂದ.

ಇದರಿಂದ ಒಂದು ಅನುಕೂಲ ಇದೆ. ಸಾಮಾನ್ಯ ವಾಕ್ಯದಲ್ಲಿ ಎರಡರಲ್ಲಿ ಒಂದು ಕಡೆ ಮಾತ್ರ ಎಸ್ ಇರುತ್ತದೆ: 'ದಿ ಬಾಯ್ ರನ್ಸ್', 'ದಿ ಬಾಯ್ಸ್ ರನ್'. ಎರಡು ಕಡೆಯೂ ಎಸ್ ಕಂಡರೆ ಅಥವಾ ಎರಡು ಕಡೆಯೂ ಕಾಣದಿದ್ದರೆ ಮತ್ತೊಮ್ಮೆ ಓದಿ. 'ಚಿಲ್ಡ್ರನ್ ರನ್' ಎಂಬಲ್ಲಿ ಎಲ್ಲೂ ಎಸ್ ಇಲ್ಲ, ಆದರೂ ಸರಿ. ಐ ಮತ್ತು ಯೂ ಒಬ್ಬರನ್ನೇ ಸೂಚಿಸಿದರೂ ಎಸ್ ಪಡೆಯುವುದಿಲ್ಲ. ಹಾಗಾಗಿ ಇದನ್ನು ನಿಯಮ ಅಂದುಕೊಳ್ಳಬೇಡಿ, ತಪ್ಪು ಹುಡುಕುವ ಸಾಧನ ಅಂದುಕೊಳ್ಳಿ.

ಅತಿ ಹೆಚ್ಚು ತಪ್ಪಾಗುವುದು ಎಲ್ಲಿ?

ಉದ್ದದ ಕರ್ತೃವಿನಲ್ಲಿ. ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವ ಪುರುಸೊತ್ತಿದ್ದರೆ ಇದನ್ನೇ ಓದಿ.

'ಪುಸ್ತಕಗಳ ಪಟ್ಟಿ ಮೇಜಿನ ಮೇಲಿದೆ.' ಇಲ್ಲಿ ಮೇಜಿನ ಮೇಲಿರುವುದು ಪಟ್ಟಿ. ಕನ್ನಡದಲ್ಲಿ ವಿವರಣೆ ಮೊದಲು ಬರುತ್ತದೆ, ಮುಖ್ಯ ಪದ ಆಮೇಲೆ ಬರುತ್ತದೆ. 'ಕಳೆದ ವರ್ಷ ಸೇರಿದ ವಿದ್ಯಾರ್ಥಿಗಳ ಅಂಕಗಳ ವಿವರ' ಅಂತ ಎಷ್ಟು ಉದ್ದ ಮಾಡಿದರೂ ಕೊನೆಯ ಪದ 'ವಿವರ'ವೇ ಕರ್ತೃ. ಅದರ ಪಕ್ಕದಲ್ಲೇ ಕ್ರಿಯಾಪದ ಬಂದರೆ ತಪ್ಪುವ ಮಾತೇ ಇಲ್ಲ.

ಇಂಗ್ಲಿಷ್‌ನಲ್ಲಿ ಇದು ತಿರುವುಮುರುವು. ಮುಖ್ಯ ಪದ ಮೊದಲು ಬರುತ್ತದೆ, ವಿವರಣೆ ಅದರ ಹಿಂದೆ ಬಾಲದಂತೆ ಬೆಳೆಯುತ್ತದೆ: 'ದಿ ಲಿಸ್ಟ್ ಆಫ್ ಬುಕ್ಸ್'. ಈಗ ಕ್ರಿಯಾಪದದ ಪಕ್ಕ ಕೂತಿರುವುದು ಬುಕ್ಸ್. ಪಕ್ಕದ ಪದ ನೋಡಿ ಕ್ರಿಯಾಪದ ಬರೆಯುವ ನಮ್ಮ ಅಭ್ಯಾಸ 'ಆರ್' ಬರೆಸುತ್ತದೆ. ಬರೆಯಬೇಕಾದದ್ದು 'ದಿ ಲಿಸ್ಟ್ ಆಫ್ ಬುಕ್ಸ್ ಈಸ್ ಆನ್ ದಿ ಟೇಬಲ್'.

ಆಫೀಸ್ ಪತ್ರಗಳಲ್ಲಿ ಈ ತಪ್ಪು ತುಂಬಾ ಜಾಸ್ತಿ. 'ದಿ ಕ್ವಾಲಿಟಿ ಆಫ್ ದಿ ಮೆಟೀರಿಯಲ್ಸ್ ಆರ್ ಪೂರ್' ತಪ್ಪು, 'ಈಸ್ ಪೂರ್' ಸರಿ. 'ದಿ ಡೀಟೇಲ್ಸ್ ಆಫ್ ದಿ ಮೀಟಿಂಗ್ ಈಸ್ ಅಟ್ಯಾಚ್ಡ್' ತಪ್ಪು, 'ಆರ್ ಅಟ್ಯಾಚ್ಡ್' ಸರಿ.

ಕೆಲಸ ಸುಲಭ. ಆಫ್, ಇನ್, ಆನ್, ವಿತ್, ಫಾರ್, ಫ್ರಮ್ ಇಂಥ ಪದ ಕಂಡ ಕೂಡಲೇ ಅಲ್ಲಿಂದ ಕ್ರಿಯಾಪದದವರೆಗೆ ಬೆರಳಿಟ್ಟು ಮುಚ್ಚಿ. ಉಳಿದದ್ದನ್ನು ಓದಿ. 'ದಿ ಲಿಸ್ಟ್ … ಈಸ್.' ಹೂ, ವಿಚ್, ದಟ್‌ನಿಂದ ಶುರುವಾಗುವ ತುಂಡನ್ನೂ ಹೀಗೆಯೇ ಮುಚ್ಚಿ: 'ದಿ ಮ್ಯಾನೇಜರ್ ಹೂ ಹ್ಯಾಂಡಲ್ಸ್ ಆಲ್ ದೀಸ್ ಅಕೌಂಟ್ಸ್ ಈಸ್ ಆನ್ ಲೀವ್.' ರಜೆಯಲ್ಲಿರುವುದು ಮ್ಯಾನೇಜರ್, ಅಕೌಂಟುಗಳಲ್ಲ.

ಆಫ್ ನಂತರದ ಪದವನ್ನೇ ನೋಡಬೇಕಾದ ಸಂದರ್ಭವೂ ಇದೆಯಾ?

ಇದೆ. ಪ್ರಮಾಣ ಹೇಳುವ ಪದಗಳು ಬಂದಾಗ: ಸಮ್, ಆಲ್, ಮೋಸ್ಟ್, ಹಾಫ್, ಎ ಲಾಟ್, ಪರ್ಸೆಂಟ್. ಇವಕ್ಕೆ ಸ್ವಂತ ವಚನ ಇಲ್ಲ. 'ಹಾಫ್ ಆಫ್ ದಿ ಮಿಲ್ಕ್ ಈಸ್ ಸ್ಪಾಯಿಲ್ಡ್.' 'ಹಾಫ್ ಆಫ್ ದಿ ಆಪಲ್ಸ್ ಆರ್ ಸ್ಪಾಯಿಲ್ಡ್.' ಮುಂದಿನ ಪದ ಎಣಿಸುವಂಥದ್ದಾಗಿ ಬಹುವಚನದಲ್ಲಿದ್ದರೆ ಆರ್, ಇಲ್ಲದಿದ್ದರೆ ಈಸ್. ನನ್ ಎಂಬ ಪದಕ್ಕೆ ಏಕವಚನವೇ ಬರಬೇಕು ಅಂತ ಕೆಲವರು ಹಟ ಹಿಡಿಯುತ್ತಾರೆ. ಆದರೆ 'ನನ್ ಆಫ್ ದೆಮ್ ಈಸ್', 'ನನ್ ಆಫ್ ದೆಮ್ ಆರ್' ಎರಡೂ ಶತಮಾನಗಳಿಂದ ಬಳಕೆಯಲ್ಲಿವೆ. ಎರಡನ್ನೂ ಒಪ್ಪಬಹುದು.

ಎವ್ರಿವನ್ ಅಂದರೆ ಎಲ್ಲರೂ ಅಲ್ವಾ? ಹಾಗಾದರೆ ಹ್ಯಾವ್ ಯಾಕೆ ಬರಬಾರದು?

ಕನ್ನಡದಲ್ಲಿ 'ಎಲ್ಲರೂ ಬಂದಿದ್ದಾರೆ' ಅನ್ನುತ್ತೇವೆ. 'ಪ್ರತಿಯೊಬ್ಬರೂ ಬಂದಿದ್ದಾರೆ' ಅಂತಲೂ ಅನ್ನುತ್ತೇವೆ. ಪದದ ಒಳಗೆ 'ಒಬ್ಬ' ಇದ್ದರೂ ಕ್ರಿಯಾಪದ ಬಹುವಚನದಲ್ಲೇ ಬರುತ್ತದೆ. ಅದೇ ಗುಂಗಿನಲ್ಲಿ 'ಎವ್ರಿವನ್ ಹ್ಯಾವ್ ಕಮ್' ಎಂದು ಬರೆದುಬಿಡುತ್ತೇವೆ. ಇಂಗ್ಲಿಷ್ ಒಬ್ಬೊಬ್ಬರನ್ನೂ ಬಿಡಿಯಾಗಿ ಎಣಿಸುತ್ತದೆ. ಎವ್ರಿವನ್, ಎವ್ರಿಬಡಿ, ಈಚ್, ಸಮ್‌ವನ್, ಎನಿವನ್, ನೋಬಡಿ ಎಲ್ಲಕ್ಕೂ ಏಕವಚನ: 'ಎವ್ರಿವನ್ ಹ್ಯಾಸ್ ಕಮ್'.

ಪ್ರಶ್ನೆ ಕೇಳುವಾಗಲೂ ಇದೇ ತೊಡಕು. 'ಯಾರ್ಯಾರು ಬರುತ್ತಿದ್ದಾರೆ?' ಎಂಬುದು 'ಹೂ ಆಲ್ ಆರ್ ಕಮಿಂಗ್?' ಆಗುತ್ತದೆ. ಮಾತಿನಲ್ಲಿ ನಮ್ಮೂರುಗಳಲ್ಲಿ ಇದು ಚಲಾವಣೆಯಲ್ಲಿದೆ, ಯಾರಿಗೂ ತೊಂದರೆಯಿಲ್ಲ. ಬರೆಯುವಾಗ 'ಹೂ ಈಸ್ ಕಮಿಂಗ್?' ಸಾಕು. ಹತ್ತು ಜನ ಬರುವವರಿದ್ದರೂ ಅಷ್ಟೇ.

ನಮ್ಮ ತಂದೆ, ನಮ್ಮ ಮೇಷ್ಟ್ರು ಎಂದು ಬರೆಯುವಾಗ ಗೌರವಕ್ಕೆ ಬಹುವಚನ ಹಾಕಬಹುದಾ?

ಬೇಡ. 'ನಮ್ಮ ತಂದೆ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ' ಎಂಬುದು ಇಂಗ್ಲಿಷ್‌ನಲ್ಲಿ 'ಮೈ ಫಾದರ್ ವರ್ಕ್ಸ್ ಇನ್ ಎ ಬ್ಯಾಂಕ್'. ಶಾಲೆಯ ಮಕ್ಕಳು 'ಮೈ ಫಾದರ್ ವರ್ಕ್' ಎಂದು ಬರೆದಾಗ ಬೈಯುವ ಮೊದಲು ಯೋಚಿಸಿ. ಅಪ್ಪನಿಗೆ ಏಕವಚನ ಹಾಕಬಾರದು ಅಂತ ಮನೆಯಲ್ಲಿ ಕಲಿಸಿದ್ದು ನಾವೇ. ಇಂಗ್ಲಿಷ್ ಗೌರವವನ್ನು ಕ್ರಿಯಾಪದದಲ್ಲಿ ಇಡುವುದಿಲ್ಲ, ಸಂಬೋಧನೆಯಲ್ಲಿ ಮತ್ತು ಕೇಳುವ ರೀತಿಯಲ್ಲಿ ಇಡುತ್ತದೆ ಎಂದು ಒಮ್ಮೆ ಬಿಡಿಸಿ ಹೇಳಿದರೆ ಮಗುವಿಗೆ ಅರ್ಥವಾಗುತ್ತದೆ. ರಾಷ್ಟ್ರಪತಿ ಬಂದರೂ 'ದಿ ಪ್ರೆಸಿಡೆಂಟ್ ಹ್ಯಾಸ್ ಅರೈವ್ಡ್' ಅಂತಲೇ ಬರೆಯುವುದು.

ಡೋಂಟ್, ಡಸಂಟ್ ಯಾಕೆ ಯಾವಾಗಲೂ ಅದಲುಬದಲಾಗುತ್ತವೆ?

ಕನ್ನಡದ 'ಇಲ್ಲ' ಯಾರಿಗೂ ಬದಲಾಗುವುದಿಲ್ಲ. ನಾನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ. 'ಬರುತ್ತಾನೆ, ಬರುತ್ತಾಳೆ' ಎಂದು ಬೇರೆ ಬೇರೆ ಹೇಳುವ ನಾವೇ ನಿಷೇಧಕ್ಕೆ ಬಂದಾಗ ಎಲ್ಲರಿಗೂ ಒಂದೇ ರೂಪ ಬಳಸುತ್ತೇವೆ. ಅದಕ್ಕೇ 'ಶೀ ಡೋಂಟ್ ನೋ' ಕಿವಿಗೆ ತಪ್ಪು ಅನಿಸುವುದಿಲ್ಲ. ಇಂಗ್ಲಿಷ್‌ನಲ್ಲಿ ನಿಷೇಧದಲ್ಲೂ ಹೊಂದಾಣಿಕೆ ಬೇಕು: 'ಶೀ ಡಸಂಟ್ ನೋ'.

ಇಲ್ಲೇ ಇನ್ನೊಂದು ವಿಷಯ. ಡಸ್ ಬಂದ ಮೇಲೆ ಎಸ್‌ನ ಕೆಲಸ ಮುಗಿಯಿತು. 'ಡಸ್ ಹೀ ಗೋಸ್?', 'ಶೀ ಡಸಂಟ್ ಲೈಕ್ಸ್' ತಪ್ಪು. 'ಡಸ್ ಹೀ ಗೋ?', 'ಶೀ ಡಸಂಟ್ ಲೈಕ್' ಸರಿ. ಕ್ಯಾನ್, ಮಸ್ಟ್ ನಂತರವೂ ಅಷ್ಟೇ: 'ಹೀ ಕ್ಯಾನ್ ಗೋ'.

'ಒನ್ ಆಫ್ ಮೈ ಫ್ರೆಂಡ್' ಅಂತ ಬರೆದರೆ ಏನು ತಪ್ಪು?

ಹಲವು ಗೆಳೆಯರಲ್ಲಿ ಒಬ್ಬ. ಆದ್ದರಿಂದ ಫ್ರೆಂಡ್ಸ್ ಬಹುವಚನದಲ್ಲಿರಬೇಕು, ಕ್ರಿಯಾಪದ ಆ ಒಬ್ಬನಿಗೆ ಹೊಂದಬೇಕು: 'ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಹುಬ್ಬಳ್ಳಿ.' ಸಂಖ್ಯೆಯ ಜೊತೆ ಬಹುವಚನ ಬಿಡುವುದು ನಮ್ಮ ಮಾತಿನ ಅಭ್ಯಾಸ. 'ಎರಡು ಪುಸ್ತಕ ಇದೆ' ಅಂದರೆ ಯಾರೂ ಆಕ್ಷೇಪಿಸುವುದಿಲ್ಲ. ಇಂಗ್ಲಿಷ್‌ನಲ್ಲಿ 'ಟೂ ಬುಕ್ಸ್' ಎಂದೇ ಬರಬೇಕು, ಕ್ರಿಯಾಪದವೂ ಆರ್ ಆಗಬೇಕು.

'ಎ ನಂಬರ್ ಆಫ್' ಮತ್ತು 'ದಿ ನಂಬರ್ ಆಫ್' ಬೇರೆ ಬೇರೆನಾ?

ಹೌದು. ಮೊದಲನೆಯದು 'ಹಲವಾರು', ಎರಡನೆಯದು 'ಸಂಖ್ಯೆ'. 'ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆಬ್ಸೆಂಟ್.' 'ದಿ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಸ್ಮಾಲ್.'

ಇಬ್ಬರಿದ್ದಾಗ? ಅಂಡ್, ಅಲಾಂಗ್ ವಿತ್, 'ಅಥವಾ' ಎಂಬ ಅರ್ಥದ ಆರ್ ಇವುಗಳಲ್ಲಿ ಯಾವುದಕ್ಕೆ ಏನು?

ಅಂಡ್ ಬಂದರೆ ಬಹುವಚನ. ಅಲಾಂಗ್ ವಿತ್, ಟುಗೆದರ್ ವಿತ್, ಆಸ್ ವೆಲ್ ಆಸ್ ಬಂದರೆ ಮೊದಲನೆಯ ಪದವೇ ಕರ್ತೃ. ಇಲ್ಲಿ ಕನ್ನಡ ನಮ್ಮ ನೆರವಿಗೆ ಬರುತ್ತದೆ. 'ತಂಗಿಯರ ಜೊತೆ ರವಿ ಬಂದ' ಅನ್ನುತ್ತೇವೆಯೇ ಹೊರತು 'ರವಿ ಬಂದರು' ಅನ್ನುವುದಿಲ್ಲ. ಹಾಗೆಯೇ 'ರವಿ, ಅಲಾಂಗ್ ವಿತ್ ಹಿಸ್ ಸಿಸ್ಟರ್ಸ್, ಹ್ಯಾಸ್ ಕಮ್'.

ಈದರ್–ಆರ್, ನೀದರ್–ನಾರ್ ಬಂದಾಗ ಕ್ರಿಯಾಪದಕ್ಕೆ ಹತ್ತಿರದ ಪದ ನೋಡಿ: 'ನೀದರ್ ದಿ ಟೀಚರ್ ನಾರ್ ದಿ ಸ್ಟೂಡೆಂಟ್ಸ್ ವರ್ ದೇರ್.' ಒಂದು ಏಕವಚನ, ಒಂದು ಬಹುವಚನ ಇದ್ದರೆ ಬಹುವಚನವನ್ನು ಎರಡನೆಯದಾಗಿ ಇಡಿ. ಓದಲು ಹಿತವಾಗಿರುತ್ತದೆ.

ಫರ್ನಿಚರ್ಸ್, ಇನ್‌ಫರ್ಮೇಷನ್ಸ್, ಲಗೇಜಸ್ ಬರೆಯಬಹುದಾ?

ಬರೆಯಬಾರದು. ಫರ್ನಿಚರ್, ಲಗೇಜ್, ಇನ್‌ಫರ್ಮೇಷನ್, ಅಡ್ವೈಸ್, ಎಕ್ವಿಪ್‌ಮೆಂಟ್ ಇವು ಇಂಗ್ಲಿಷ್‌ನಲ್ಲಿ ಎಣಿಸುವ ಪದಗಳಲ್ಲ. ಮನೆತುಂಬಾ ಕುರ್ಚಿ ಮೇಜು ಇದ್ದರೂ 'ದಿ ಫರ್ನಿಚರ್ ಈಸ್ ನ್ಯೂ'. ಎಣಿಸಲೇಬೇಕಿದ್ದರೆ ಪೀಸ್ ಸೇರಿಸಿ, ಆಗ ಕ್ರಿಯಾಪದ ಪೀಸ್‌ಗೆ ಹೊಂದಲಿ: 'ತ್ರೀ ಪೀಸಸ್ ಆಫ್ ಲಗೇಜ್ ಆರ್ ಮಿಸ್ಸಿಂಗ್.' ಸ್ಟಾಫ್ ಅಂದರೆ ಇಡೀ ಸಿಬ್ಬಂದಿ. ಒಬ್ಬ ನೌಕರನಿಗೆ 'ಎ ಸ್ಟಾಫ್' ಅನ್ನುವುದು ಸರಿಯಲ್ಲ, 'ಎ ಸ್ಟಾಫ್ ಮೆಂಬರ್' ಅನ್ನಿ.

ನ್ಯೂಸ್, ಪೊಲೀಸ್, ಟ್ರೌಸರ್ಸ್?

ನ್ಯೂಸ್, ಮ್ಯಾಥಮ್ಯಾಟಿಕ್ಸ್, ಫಿಸಿಕ್ಸ್, ಮೀಸಲ್ಸ್ ಕೊನೆಗೆ ಎಸ್ ಇದ್ದರೂ ಏಕವಚನ. ಪೊಲೀಸ್, ಪೀಪಲ್, ಕ್ಯಾಟಲ್ ಎಸ್ ಇಲ್ಲದಿದ್ದರೂ ಬಹುವಚನ: 'ದಿ ಪೊಲೀಸ್ ಆರ್ ಹಿಯರ್'. ಟ್ರೌಸರ್ಸ್, ಸಿಸರ್ಸ್ ಒಂದೇ ಇದ್ದರೂ ಆರ್. ಮುಂದೆ 'ಎ ಪೇರ್ ಆಫ್' ಸೇರಿದರೆ ಈಸ್.

ಹೆಸರುಗಳಿಗೂ ಇದೇ ಎಚ್ಚರ. ಇನ್ಫೋಸಿಸ್ ಕೊನೆಯ ಎಸ್ ಬಹುವಚನದ್ದಲ್ಲ. ಜೋಗ್ ಫಾಲ್ಸ್ ಅನ್ನು ಒಂದು ಊರಾಗಿ, ಜಾಗವಾಗಿ ಹೇಳುವಾಗ 'ಜೋಗ್ ಫಾಲ್ಸ್ ಈಸ್ ಇನ್ ಶಿವಮೊಗ್ಗ ಡಿಸ್ಟ್ರಿಕ್ಟ್'. ಧುಮ್ಮಿಕ್ಕುವ ನೀರಿನ ಬಗ್ಗೆ ಹೇಳುವಾಗ 'ದಿ ಫಾಲ್ಸ್ ಆರ್ ಅಟ್ ದೆರ್ ಬೆಸ್ಟ್ ಇನ್ ದಿ ಮಾನ್ಸೂನ್'.

ಐನೂರು ರೂಪಾಯಿ, ಹತ್ತು ಕಿಲೋಮೀಟರ್?

ಮೊತ್ತ, ದೂರ, ಅವಧಿ ಇಡಿಯಾಗಿ ಒಂದೇ ಅಂದುಕೊಂಡಾಗ ಏಕವಚನ. 'ಫೈವ್ ಹಂಡ್ರೆಡ್ ರುಪೀಸ್ ಈಸ್ ಇನಫ್.' 'ಟೆನ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್.'

ಕ್ರಿಕೆಟ್ ವರದಿಯಲ್ಲಿ 'ಇಂಡಿಯಾ ಆರ್' ಅಂತ ಓದಿದ ನೆನಪು. ಅದು ತಪ್ಪಲ್ವಾ?

ತಪ್ಪಲ್ಲ. ಟೀಮ್, ಗವರ್ನ್‌ಮೆಂಟ್, ಕಮಿಟಿ, ಫ್ಯಾಮಿಲಿ ಇಂಥ ಗುಂಪಿನ ಪದಗಳಿಗೆ ಬ್ರಿಟನ್ನಿನವರು ಎರಡೂ ಬಳಸುತ್ತಾರೆ. ಗುಂಪನ್ನು ಒಂದು ಘಟಕವಾಗಿ ಕಂಡರೆ ಈಸ್, ಅದರೊಳಗಿನ ಜನರನ್ನು ಕಂಡರೆ ಆರ್. ಆಟದ ವರದಿಗಳಲ್ಲಂತೂ ದೇಶದ ಹೆಸರು ಬಂದರೆ ಹನ್ನೊಂದು ಆಟಗಾರರೇ ಕಣ್ಣ ಮುಂದೆ ಇರುತ್ತಾರೆ, ಹಾಗಾಗಿ 'ಇಂಗ್ಲೆಂಡ್ ಆರ್'. ಅಮೆರಿಕದಲ್ಲಿ ಹೆಚ್ಚಾಗಿ ಏಕವಚನವೇ: 'ದಿ ಟೀಮ್ ಈಸ್'. ನಮ್ಮಲ್ಲಿ ಎರಡೂ ನಡೆಯುತ್ತವೆ. ಯಾವುದನ್ನಾದರೂ ಆರಿಸಿ, ಒಂದು ಬರಹದ ಉದ್ದಕ್ಕೂ ಅದನ್ನೇ ಹಿಡಿಯಿರಿ. ಮೊದಲ ಸಾಲಿನಲ್ಲಿ 'ದಿ ಕಮಿಟಿ ಹ್ಯಾಸ್' ಎಂದು ಬರೆದು ಮೂರನೇ ಸಾಲಿನಲ್ಲಿ 'ದಿ ಕಮಿಟಿ ಹ್ಯಾವ್' ಅಂದರೆ ಓದುವವರಿಗೆ ಕಿರಿಕಿರಿ.

ಯುನೈಟೆಡ್ ಸ್ಟೇಟ್ಸ್ ಈಸ್ ಅನ್ನಬೇಕಾ, ಆರ್ ಅನ್ನಬೇಕಾ?

ಇವತ್ತು ಈಸ್. ಆದರೆ ಅದು ಮೊದಲಿಂದಲೂ ಹಾಗಿರಲಿಲ್ಲ. 1787ರಲ್ಲಿ ಬರೆದ ಅಮೆರಿಕದ ಸಂವಿಧಾನದಲ್ಲಿ ದೇಶದ್ರೋಹವನ್ನು ವಿವರಿಸುವ ಕಡೆ ಯುನೈಟೆಡ್ ಸ್ಟೇಟ್ಸ್‌ಗೆ 'ದೆಮ್' ಎಂಬ ಬಹುವಚನ ಇದೆ. ಗುಲಾಮಗಿರಿಯನ್ನು ತೆಗೆದುಹಾಕಿದ 1865ರ 13ನೇ ತಿದ್ದುಪಡಿಯಲ್ಲೂ 'ದೆರ್' ಎಂದೇ ಇದೆ. ಆಗ ಅದು ಒಟ್ಟು ಸೇರಿದ ಹಲವು ರಾಜ್ಯಗಳ ಹೆಸರು. 1861ರಿಂದ 1865ರವರೆಗಿನ ಅಂತರ್ಯುದ್ಧ ಒಂದೇ ಏಟಿಗೆ ಇದನ್ನು ಬದಲಿಸಿತು ಅನ್ನುವುದುಂಟು. ನಿಜವಾಗಿ ಬದಲಾವಣೆ ನಿಧಾನವಾಗಿ, ದಶಕಗಳ ಕಾಲ ನಡೆಯಿತು. ಒಂದು ದೇಶ ತನ್ನನ್ನು ಒಂದು ಎಂದು ಕಾಣಲು ಶುರುಮಾಡಿದ್ದು ಅದರ ಕ್ರಿಯಾಪದದಲ್ಲೂ ಕಾಣುತ್ತದೆ. ವ್ಯಾಕರಣ ಒಣ ವಿಷಯ ಅನ್ನುವವರಿಗೆ ನಾನು ಮೊದಲು ಹೇಳುವುದು ಈ ಉದಾಹರಣೆಯನ್ನೇ.

ಡೇಟಾ, ಕ್ರೈಟೀರಿಯಾ?

ಡೇಟಾ ಲ್ಯಾಟಿನ್‌ನಲ್ಲಿ ಬಹುವಚನ, ಏಕವಚನ ಡೇಟಮ್. ವಿಜ್ಞಾನದ ಬರಹಗಳಲ್ಲಿ ಈಗಲೂ 'ಡೇಟಾ ಆರ್' ಕಾಣುತ್ತೀರಿ. ಕಂಪ್ಯೂಟರ್ ಜಗತ್ತಿನಲ್ಲಿ ಮತ್ತು ದಿನಬಳಕೆಯಲ್ಲಿ 'ಡೇಟಾ ಈಸ್'. ಎರಡೂ ಸರಿ. ಕ್ರೈಟೀರಿಯಾಕ್ಕೆ ಈ ರಿಯಾಯಿತಿ ಇಲ್ಲ. ಒಂದಿದ್ದರೆ ಕ್ರೈಟೀರಿಯನ್, ಹಲವಿದ್ದರೆ ಕ್ರೈಟೀರಿಯಾ ಆರ್.

ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರಿಗೆ 'ದೇ' ಬಳಸಿದರೆ ಕ್ರಿಯಾಪದ ಯಾವುದು?

'ದೇ ಆರ್', 'ದೇ ಹ್ಯಾವ್'. ಒಬ್ಬರೇ ಆದರೂ ದೇ ಜೊತೆ ಬಹುವಚನ ರೂಪವೇ ಬರುತ್ತದೆ. 'ಇಫ್ ಎನಿವನ್ ಕಾಲ್ಸ್, ಟೆಲ್ ದೆಮ್ ದೇ ಆರ್ ಲೇಟ್.' ನೀವು, ಅವರು ಎಂದು ಒಬ್ಬರಿಗೇ ಬಹುವಚನ ಹೇಳುವ ನಮಗೆ ಇದು ವಿಚಿತ್ರ ಅನಿಸಬಾರದು. ಯೂ ಎಂಬ ಪದವೂ ಮೊದಲು ಬಹುವಚನವೇ ಆಗಿತ್ತು. ಒಬ್ಬರಿಗೆ ಬಳಸುತ್ತಿದ್ದ ದೌ ಮರೆಯಾದ ಮೇಲೂ ಯೂ ಜೊತೆ ಆರ್ ಉಳಿದುಕೊಂಡಿತು.

ರಜೆ ಅರ್ಜಿಯಲ್ಲಿ 'ಲೀವ್ ಬಿ ಗ್ರಾಂಟೆಡ್' ಅಂತ ಇರುತ್ತದೆ. ಈಸ್ ಆಗಬೇಕಿತ್ತಲ್ವಾ?

'ಐ ರಿಕ್ವೆಸ್ಟ್ ದಟ್ ಲೀವ್ ಬಿ ಗ್ರಾಂಟೆಡ್' ಸರಿಯಾಗಿಯೇ ಇದೆ. ಕೋರಿಕೆ, ಸಲಹೆ, ಒತ್ತಾಯದ ನಂತರ ಬರುವ ದಟ್ ತುಂಡಿನಲ್ಲಿ ಕ್ರಿಯಾಪದ ಮೂಲ ರೂಪದಲ್ಲೇ ಇರುತ್ತದೆ: 'ದಿ ಡಾಕ್ಟರ್ ಸಜೆಸ್ಟೆಡ್ ದಟ್ ಹೀ ಟೇಕ್ ರೆಸ್ಟ್.' ಇಲ್ಲಿ ಟೇಕ್ಸ್ ಬೇಡ. 'ಇಫ್ ಐ ವರ್ ಯೂ' ಎಂಬುದೂ ಇದೇ ಬಗೆಯ, ವಾಸ್ತವವಲ್ಲದ್ದನ್ನು ಹೇಳುವ ರೂಪ.

ಸ್ಪರ್ಧಾತ್ಮಕ ಪರೀಕ್ಷೆಗೆ ಬೇರೇನಾದರೂ ನೋಡಿಕೊಳ್ಳಬೇಕಾ?

ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆ, ಬ್ಯಾಂಕ್ ಪರೀಕ್ಷೆಗಳಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಿಗೆ ಈ ವಿಷಯ ಅಚ್ಚುಮೆಚ್ಚು. ಮೇಲಿನವುಗಳ ಜೊತೆ ಎರಡು ನೆನಪಿಡಿ. 'ಮೆನಿ ಎ ಸ್ಟೂಡೆಂಟ್ ಹ್ಯಾಸ್ ಫೇಲ್ಡ್.' 'ಮೋರ್ ದ್ಯಾನ್ ಒನ್ ಸ್ಟೂಡೆಂಟ್ ಹ್ಯಾಸ್ ಫೇಲ್ಡ್.' ಅರ್ಥ ಬಹುವಚನ, ಕ್ರಿಯಾಪದ ಏಕವಚನ. 'ದೇರ್' ನಿಂದ ಶುರುವಾಗುವ ವಾಕ್ಯದಲ್ಲಿ ಕರ್ತೃ ಕ್ರಿಯಾಪದದ ಆಚೆ ಇರುತ್ತದೆ: 'ದೇರ್ ಆರ್ ತ್ರೀ ಚೇರ್ಸ್ ಇನ್ ದಿ ರೂಮ್.'

ತಪ್ಪು ತೋರಿಸುವ ಸಾಫ್ಟ್‌ವೇರ್ ಇರುವಾಗ ಇಷ್ಟೆಲ್ಲ ಕಲಿಯಬೇಕಾ?

ಸಾಫ್ಟ್‌ವೇರ್ ಬಳಸಿ, ಅದರಿಂದ ಸಹಾಯವಿದೆ. 'ಹೀ ಗೋ' ಅಂಥದ್ದನ್ನು ಅದು ಕೂಡಲೇ ಹಿಡಿಯುತ್ತದೆ. ಆದರೆ ನಿಮ್ಮ ಮನಸ್ಸಿನಲ್ಲಿ ಒಬ್ಬರಿದ್ದಾರೋ ಇಬ್ಬರಿದ್ದಾರೋ ಅದಕ್ಕೆ ತಿಳಿಯದು. ಒಂದು ಸಂಘದ ಸಭೆಯ ನಡಾವಳಿ ಬರೆಯುತ್ತಿದ್ದೀರಿ ಅಂದುಕೊಳ್ಳಿ. 'ದಿ ಸೆಕ್ರೆಟರಿ ಅಂಡ್ ಟ್ರೆಷರರ್ ಹ್ಯಾಸ್ ಸೈನ್ಡ್' ಎಂದರೆ ಎರಡೂ ಹುದ್ದೆ ಒಬ್ಬರದ್ದೇ, ಸಹಿಯೂ ಒಂದೇ. 'ದಿ ಸೆಕ್ರೆಟರಿ ಅಂಡ್ ದಿ ಟ್ರೆಷರರ್ ಹ್ಯಾವ್ ಸೈನ್ಡ್' ಎಂದರೆ ಇಬ್ಬರು, ಎರಡು ಸಹಿ. ವ್ಯಾಕರಣದ ಲೆಕ್ಕದಲ್ಲಿ ಎರಡೂ ವಾಕ್ಯ ಸರಿ, ಯಾವ ಸಾಫ್ಟ್‌ವೇರೂ ಕೆಂಪು ಗೆರೆ ಹಾಕುವುದಿಲ್ಲ. ನಾಳೆ ಬ್ಯಾಂಕಿನವರು ಆ ಕಾಗದ ಹಿಡಿದು ಎಷ್ಟು ಸಹಿ ಇರಬೇಕಿತ್ತು ಅಂತ ಕೇಳಿದಾಗ ಉತ್ತರ ಇರುವುದು ಆ 'ದಿ'ಯಲ್ಲಿ, ಆ 'ಹ್ಯಾಸ್' ಅಥವಾ 'ಹ್ಯಾವ್'ನಲ್ಲಿ.